ಹೊಸದೇನು ಬಂತು? ಜಾಲತಾಣಗಳ ಫೀಡ್ ಓದುವ ಬಗೆ

ನೀವು ಆಗಾಗ ನೋಡುವ ಜಾಲತಾಣಗಳು ಎಷ್ಟಿವೆ? ಬೆರಳು ಮಡಚಿ ಎಣಿಸಿ. ವಿಜ್ಞಾನದ ಸುದ್ದಿಗೆ ಒಂದು, ಕತೆ ಓದಲಿಕ್ಕೆ ಒಂದು, ಕ್ರಿಕೆಟ್ಟಿಗೆ ಒಂದು, ಪರೀಕ್ಷೆ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಗೆ ಒಂದು. ಐದಾರಂತೂ ಆಗಿಯೇ ಆಗುತ್ತದೆ. ಅವುಗಳಲ್ಲಿ ಹೊಸದೇನಾದರೂ ಬಂದಿದೆ ಅಂತ ನಿಮಗೆ ಗೊತ್ತಾಗುವುದು ಹೇಗೆ?

ತರಗತಿಯಲ್ಲಿ ಕೇಳಿದರೆ ಎರಡು ಉತ್ತರ ಬರುತ್ತದೆ. "ನೆನಪಾದಾಗ ಹೋಗಿ ನೋಡ್ತೇನೆ ಸಾರ್" ಎಂಬುದು ಒಂದು. "ಫೋನಿನಲ್ಲಿ ತಾನಾಗಿಯೇ ಬರ್ತದೆ" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹತ್ತು ಸಲ ಹೋದರೆ ಒಂಬತ್ತು ಸಲ ಹಳೆಯದೇ ಕಾಣುತ್ತದೆ. ಹೊಸದು ಬಂದ ದಿನ ನಾವು ಹೋಗಿರುವುದಿಲ್ಲ. ಎರಡನೆಯದು ಸುಲಭ, ಆದರೆ ಅದರಲ್ಲೊಂದು ತೊಡಕಿದೆ, ಅದು ನಮ್ಮಂಥ ಗಡಿಯೂರಿನವರಿಗೆ ಹೆಚ್ಚು ತಟ್ಟುತ್ತದೆ.

ಫೋನಿಗೆ ತಾನಾಗಿ ಬರುವ ಸುದ್ದಿಯನ್ನು ಯಾರೋ ಆರಿಸಿರುತ್ತಾರೆ. ಆರಿಸುವುದು ಒಂದು ಲೆಕ್ಕಾಚಾರದ ತಂತ್ರಾಂಶ. ನೀವು ಯಾವುದರ ಮೇಲೆ ಬೆರಳಿಟ್ಟಿರಿ, ಎಷ್ಟು ಹೊತ್ತು ನೋಡಿದಿರಿ, ಯಾವ ಊರಿನಲ್ಲಿದ್ದೀರಿ ಎಂಬುದನ್ನೆಲ್ಲ ಕೂಡಿಸಿ ಅದು "ಇವರಿಗೆ ಇದು ಬೇಕಾದೀತು" ಎಂದು ಊಹಿಸುತ್ತದೆ. ಫೋನು ಬದಿಯಡ್ಕದಲ್ಲಿದ್ದರೆ ಊಹೆ ಮಲಯಾಳದ ಕಡೆ ವಾಲುತ್ತದೆ, ತಾಳವಾಡಿಯಲ್ಲಿದ್ದರೆ ತಮಿಳಿನ ಕಡೆ, ಅಕ್ಕಲಕೋಟೆಯಲ್ಲಿದ್ದರೆ ಮರಾಠಿಯ ಕಡೆ. ಆ ಭಾಷೆಗಳು ನಮಗೆ ಬೇಡ ಅಂತಲ್ಲ. ಶಾಲೆಯಲ್ಲಿ ಕಲಿಯುತ್ತೇವೆ, ಪೇಟೆಯಲ್ಲಿ ಆಡುತ್ತೇವೆ. ಆದರೆ ನಿಂತ ಜಾಗ ನೋಡಿ ಓದುವ ಭಾಷೆಯನ್ನು ಊಹಿಸುವವರಿಗೆ, ಗಡಿಯ ಈಚೆಗೆ ಕನ್ನಡದಲ್ಲಿ ವಿಜ್ಞಾನ ಓದುವ ಹುಡುಗಿ ಒಬ್ಬಳಿದ್ದಾಳೆ ಎಂಬುದು ಸುಲಭಕ್ಕೆ ಹೊಳೆಯುವುದಿಲ್ಲ. ನಮಗೆ ಬೇಕಾದದ್ದು ಕರ್ನಾಟಕದ ಒಂದು ತಾಣದಲ್ಲಿ ಸ್ವಲ್ಪ, ನಮ್ಮ ರಾಜ್ಯದ ಇನ್ನೊಂದರಲ್ಲಿ ಸ್ವಲ್ಪ, ಬೇರೆ ದೇಶದ ಸಂಸ್ಥೆಯೊಂದರಲ್ಲಿ ಸ್ವಲ್ಪ, ಹೀಗೆ ಚದುರಿಕೊಂಡಿರುತ್ತದೆ. ಅದನ್ನು ಒಟ್ಟು ಮಾಡಿಕೊಳ್ಳುವ ಕೆಲಸವನ್ನು ನಾವೇ ಮಾಡಬೇಕು.

ಅದಕ್ಕೊಂದು ಹಳೆಯ, ಸರಳವಾದ ಸಾಧನ ಇದೆ. ಅದರ ಹೆಸರು ಫೀಡ್.

ಫಲಕ ಮತ್ತು ತಮ್ಮ

ಪಂಚಾಯತ್ ಆಫೀಸಿನ ಜಗಲಿಯಲ್ಲಿ ಸೂಚನಾ ಫಲಕ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅಂಥದೇ ಫಲಕ ಗ್ರಂಥಾಲಯದಲ್ಲಿ, ಹಾಲಿನ ಸೊಸೈಟಿಯಲ್ಲಿ, ಶಾಲೆಯಲ್ಲಿ ಒಂದೊಂದು. ನಿಮಗೊಬ್ಬ ಚುರುಕು ತಮ್ಮ ಇದ್ದಾನೆ ಅಂತ ಇಟ್ಟುಕೊಳ್ಳಿ. ಅವನ ಕೈಗೆ ಒಂದು ಚೀಟಿ ಕೊಟ್ಟು ಹೇಳುತ್ತೀರಿ: "ಈ ನಾಲ್ಕು ಫಲಕ ನೋಡ್ಕೊಂಡು ಬಾ. ನಿನ್ನೆ ನೋಡಿದ್ದನ್ನು ಮತ್ತೆ ಹೇಳಬೇಡ. ಹೊಸದು ಏನಿದೆಯೋ ಅಷ್ಟನ್ನೇ ಹೇಳು."

ಜಾಲತಾಣಗಳಲ್ಲೂ ನಡೆಯುವುದು ಇದೇ. ತಾಣವು ನಾವು ನೋಡುವ ಚಂದದ ಪುಟಗಳ ಜೊತೆಗೆ ಒಂದು ಸಾದಾ ಕಡತವನ್ನೂ ಇಟ್ಟಿರುತ್ತದೆ. ಅದರಲ್ಲಿ ಬಣ್ಣವಿಲ್ಲ, ಮೆನು ಇಲ್ಲ. ಇತ್ತೀಚೆಗೆ ಪ್ರಕಟವಾದವುಗಳ ಶೀರ್ಷಿಕೆ, ವಿಳಾಸ, ದಿನಾಂಕ, ಎರಡು ಸಾಲಿನ ಸಾರಾಂಶ, ಇಷ್ಟೇ. ಈ ಕಡತವೇ ಫೀಡ್. ತಮ್ಮನ ಕೆಲಸ ಮಾಡುವ ತಂತ್ರಾಂಶಕ್ಕೆ ಫೀಡ್ ರೀಡರ್ ಎಂದು ಹೆಸರು. ಕೈಚೀಟಿ ಎಂದರೆ ನೀವು ಅದರಲ್ಲಿ ಸೇರಿಸಿದ ವಿಳಾಸಗಳ ಪಟ್ಟಿ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಫೀಡ್ ಎಂದರೆ ತಾಣದವರು ನಮಗೆ ಕಳಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಉಣಿಸು, ಮೇವು ಹಾಕು ಎಂಬ ಅರ್ಥ ಇರುವುದರಿಂದ ಹಾಗನ್ನಿಸುವುದು ಸಹಜ. ಆದರೆ ಸಾಮಾನ್ಯವಾಗಿ ತಾಣವು ಏನನ್ನೂ ಕಳಿಸುವುದಿಲ್ಲ. ಫಲಕ ನಿಂತಲ್ಲೇ ನಿಂತಿರುತ್ತದೆ, ಹೋಗಿ ನೋಡುವುದು ನಮ್ಮ ರೀಡರ್. ಆದ್ದರಿಂದಲೇ ಫೀಡಿಗೆ ಚಂದಾದಾರರಾಗಲು ನಿಮ್ಮ ಹೆಸರು, ಫೋನ್ ನಂಬರು, ಇಮೇಲ್ ಯಾವುದನ್ನೂ ಆ ತಾಣಕ್ಕೆ ಕೊಡಬೇಕಾಗಿಲ್ಲ. ಬೇಡವಾದಾಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಚೀಟಿಯಿಂದ ಆ ಸಾಲನ್ನು ಹೊಡೆದು ಹಾಕಿದರೆ ಮುಗಿಯಿತು.

ಕಡತದ ಒಳಗೆ

ಈ ಕಡತ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮದಲ್ಲಿರುತ್ತದೆ. 1998ರಲ್ಲಿ ರೂಪುಗೊಂಡ ಕ್ರಮ ಇದು. ಪ್ರತಿಯೊಂದು ಮಾಹಿತಿಯ ಹಿಂದೆ ಮುಂದೆ ಅದರ ಹೆಸರಿನ ಪಟ್ಟಿ ಕಟ್ಟಿರುತ್ತಾರೆ. ಉಪ್ಪಿನಕಾಯಿ ಭರಣಿಗಳಿಗೆಲ್ಲ ಚೀಟಿ ಅಂಟಿಸಿದ ಹಾಗೆ. ಒಂದು ಸಣ್ಣ ಮಾದರಿ ನೋಡಿ:

<ಚಾನೆಲ್>
<ಟೈಟಲ್>ನಮ್ಮ ಶಾಲೆಯ ವಿಜ್ಞಾನ ಸಂಘ</ಟೈಟಲ್>
<ಐಟಂ>
<ಟೈಟಲ್>ಶಾಲೆಯ ಬಾವಿಯ ನೀರಿನ ಮಟ್ಟ, ಈ ವಾರ</ಟೈಟಲ್>
<ಲಿಂಕ್>ಬರಹ ಇರುವ ಪುಟದ ವಿಳಾಸ</ಲಿಂಕ್>
<ಪಬ್‌ಡೇಟ್>ಪ್ರಕಟವಾದ ದಿನ ಮತ್ತು ಗಂಟೆ</ಪಬ್‌ಡೇಟ್>
<ಜಿಯುಐಡಿ>ಈ ಬರಹಕ್ಕೆ ಮಾತ್ರ ಸೇರಿದ ಗುರುತು</ಜಿಯುಐಡಿ>
<ಡಿಸ್ಕ್ರಿಪ್ಷನ್>ಎರಡು ಸಾಲಿನ ಸಾರಾಂಶ</ಡಿಸ್ಕ್ರಿಪ್ಷನ್>
</ಐಟಂ>
</ಚಾನೆಲ್>

ನಿಜವಾದ ಕಡತದಲ್ಲಿ ಈ ಪಟ್ಟಿಯ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಓದಲು ಅನುಕೂಲವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದೆ. ಎಕ್ಸ್‌ಎಂಎಲ್ ನಿಯಮದ ಪ್ರಕಾರ ಪಟ್ಟಿಯ ಹೆಸರು ಕನ್ನಡ ಅಕ್ಷರದಲ್ಲಿದ್ದರೂ ತಪ್ಪೇನಿಲ್ಲ. ಆದರೆ ಫೀಡ್ ರೀಡರುಗಳು ಗೊತ್ತುಮಾಡಿದ ಕೆಲವು ಇಂಗ್ಲಿಷ್ ಹೆಸರುಗಳನ್ನೇ ಹುಡುಕುವುದರಿಂದ ಮೇಲಿನ ಮಾದರಿಯನ್ನು ಹಾಗೇ ಕೊಟ್ಟರೆ ಅವಕ್ಕೆ ಏನೂ ತಿಳಿಯುವುದಿಲ್ಲ.

ಇದರಲ್ಲಿ ಅತಿ ಮುಖ್ಯವಾದದ್ದು ಯಾವುದು ಹೇಳಿ ನೋಡೋಣ? ಶೀರ್ಷಿಕೆ ಅಂದಿರಾದರೆ ಅಲ್ಲ. ಜಿಯುಐಡಿ ಎಂಬ ಆ ಗುರುತು. ಬರಹಗಾರರು ನಾಳೆ ಶೀರ್ಷಿಕೆಯನ್ನು ತಿದ್ದಬಹುದು, ಸಾರಾಂಶ ಬದಲಿಸಬಹುದು. ಆಗ ತಮ್ಮ "ಇದು ಹೊಸದು" ಎಂದು ಮತ್ತೆ ಓಡಿಬರಬಾರದಲ್ಲ? ರೀಡರ್ ತಾನು ನೋಡಿದ ಗುರುತುಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಗುರುತು ಮೊದಲೇ ಕಂಡಿದ್ದರೆ ಹಳೆಯದು, ಕಾಣದಿದ್ದರೆ ಹೊಸದು. ನಿಮ್ಮ ಹಾಜರಿ ಪುಸ್ತಕದ ಅಡ್ಮಿಷನ್ ನಂಬರಿನ ಹಾಗೆಯೇ. ಒಂದೇ ತರಗತಿಯಲ್ಲಿ ಇಬ್ಬರು ಫಾತಿಮಾ, ಮೂವರು ಗಣೇಶ ಇದ್ದರೂ ನಂಬರು ಬೇರೆ ಬೇರೆ.

ತಮ್ಮ ಗಂಟೆಗೊಮ್ಮೆ ಹೋಗಿ ಇಡೀ ಫಲಕವನ್ನು ಬರೆದುಕೊಂಡು ಬಂದರೆ ದಣಿವಾಗುತ್ತದೆ. ಅದಕ್ಕೂ ಒಂದು ಉಪಾಯ ಇದೆ. ರೀಡರ್ ತಾಣವನ್ನು ಕೇಳುವಾಗ "ಕಳೆದ ಸಲ ನಾನು ತೆಗೆದುಕೊಂಡ ಪ್ರತಿ ಇಂಥದು, ಅದಾದ ಮೇಲೆ ಏನಾದರೂ ಬದಲಾಗಿದೆಯೇ?" ಎಂದು ಕೇಳುತ್ತದೆ. ಬದಲಾಗಿರದಿದ್ದರೆ ತಾಣವು 304 ಎಂಬ ಮೂರಂಕಿಯ ಸಂಕೇತವನ್ನು ಮಾತ್ರ ಹೇಳಿ ಕಡತವನ್ನು ಕಳಿಸುವುದೇ ಇಲ್ಲ. ಪುಟ ಸಿಗದಿದ್ದಾಗ ಬರುವ 404 ನಿಮಗೆಲ್ಲ ಗೊತ್ತು. 304 ಅದರ ಒಳ್ಳೆಯ ಬುದ್ಧಿಯ ಅಣ್ಣ ಅನ್ನಬಹುದು.

ಹೊಸದು ಇದ್ದರೂ ಹೊರೆ ದೊಡ್ಡದಲ್ಲ. ಲೆಕ್ಕ ಹಾಕಿ ನೋಡಿ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. "ಫೀಡ್" ಎಂಬ ಪದ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಆದರೆ ಕಂಪ್ಯೂಟರಿಗೆ ಫ, ದೀರ್ಘದ ಗುರುತು, ಡ, ಅರ್ಧಾಕ್ಷರದ ಗುರುತು ಎಂದು ನಾಲ್ಕು. ಅಂದರೆ 12 ಬೈಟ್. ಒಂದು ಸುದ್ದಿಯ ಶೀರ್ಷಿಕೆ ಮತ್ತು ಸಾರಾಂಶ ಸೇರಿ 300 ಚಿಹ್ನೆ ಎಂದುಕೊಂಡರೆ 900 ಬೈಟ್. ಅಂಥ 20 ಸುದ್ದಿಗೆ 18,000 ಬೈಟ್, ಹೆಸರಿನ ಪಟ್ಟಿಗಳ ಖರ್ಚು ಬೇರೆ. ಎಲ್ಲ ಸೇರಿ ಮೂವತ್ತು ಕಿಲೋಬೈಟ್ ದಾಟುವುದು ಕಷ್ಟ. ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ರೇಂಜು ಬಂದರೆ ಬಂತು, ಹೋದರೆ ಹೋಯಿತು ಎನ್ನುವ ಗುಡ್ಡದ ಊರುಗಳಿಗೆ ಇದು ಸಣ್ಣ ಲಾಭವೇನಲ್ಲ.

ಎಕ್ಸ್‌ಎಂಎಲ್‌ಗೆ ಒಂದು ಮುಂಗೋಪ ಉಂಟು. ಬರಹದ ನಡುವೆ & ಎಂಬ ಚಿಹ್ನೆಯನ್ನು ಹಾಗೆಯೇ ಬರೆದರೆ ಅದು ಒಪ್ಪುವುದಿಲ್ಲ, ಅದಕ್ಕೆಂದೇ ಇರುವ ಬೇರೆ ರೂಪದಲ್ಲಿ ಬರೆಯಬೇಕು. ಒಂದು ಕಡೆ ಮರೆತರೂ ಕಟ್ಟುನಿಟ್ಟಿನ ರೀಡರ್ ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಯಾವುದೋ ಫೀಡ್ ಇದ್ದಕ್ಕಿದ್ದಂತೆ ನಿಂತುಹೋದರೆ ಇಂಥ ಒಂದು ಚಿಕ್ಕ ಚಿಹ್ನೆ ಕಾರಣವಾಗಿರಬಹುದು.

ಹದಿನಾಲ್ಕು ವರ್ಷದ ಒಬ್ಬ ಹುಡುಗ

ಫೀಡ್‌ಗಳಲ್ಲಿ ಎರಡು ಜಾತಿ: ಆರ್‌ಎಸ್‌ಎಸ್ ಮತ್ತು ಆ್ಯಟಮ್. (ಮೊದಲನೆಯ ಹೆಸರು ಕೇಳಿ ನಿಮಗೆ ನಮ್ಮ ದೇಶದ ಒಂದು ಸಂಘಟನೆ ನೆನಪಾದರೆ, ಅಕ್ಷರ ಒಂದೇ, ಸಂಬಂಧ ಏನೂ ಇಲ್ಲ.) ನೆಟ್‌ಸ್ಕೇಪ್ ಎಂಬ ಅಮೆರಿಕದ ಕಂಪನಿ 1999ರ ಮಾರ್ಚಿನಲ್ಲಿ ಆರ್‌ಎಸ್‌ಎಸ್‌ನ ಮೊದಲ ರೂಪವನ್ನು ತಂದಿತು. ಕಂಪನಿ ಬೇಗ ಆಸಕ್ತಿ ಕಳೆದುಕೊಂಡಿತು. ಡೇವ್ ವೈನರ್ ಎಂಬ ತಂತ್ರಾಂಶಕಾರರು ಒಂದು ದಾರಿಯಲ್ಲಿ ಅದನ್ನು ಬೆಳೆಸಿದರು. ಇನ್ನೊಂದು ಗುಂಪು ಬೇರೆ ದಾರಿ ಹಿಡಿದು 2000ದ ಡಿಸೆಂಬರಿನಲ್ಲಿ ಆರ್‌ಎಸ್‌ಎಸ್ 1.0 ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಆರನ್ ಸ್ವಾರ್ಟ್ಸ್ ಎಂಬ ಹುಡುಗನೂ ಇದ್ದ. ಆಗ ಅವನಿಗೆ 14 ವರ್ಷ, ಅಂದರೆ ನಿಮ್ಮ ಒಂಬತ್ತನೇ ತರಗತಿಯ ವಯಸ್ಸು. ವೈನರ್ ಅವರ ಆರ್‌ಎಸ್‌ಎಸ್ 2.0 ಬಂದದ್ದು 2002ರಲ್ಲಿ. ಈ ಜಗಳಗಳಿಂದ ಬೇಸತ್ತವರು ಸೇರಿ ಆ್ಯಟಮ್ ಮಾಡಿದರು, 2005ರ ಡಿಸೆಂಬರಿನಲ್ಲಿ ಅದು ಅಂತರಜಾಲದ ಅಧಿಕೃತ ಮಾನದಂಡವಾಯಿತು. ಬಳಸುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇಂದಿನ ರೀಡರುಗಳು ಎರಡನ್ನೂ ಓದುತ್ತವೆ.

ಗೂಗಲ್ ರೀಡರ್ ಎಂಬ ಬಹಳ ಜನಪ್ರಿಯ ಫೀಡ್ ರೀಡರ್ 2005ರಲ್ಲಿ ಶುರುವಾಗಿ 2013ರ ಜುಲೈ 1ರಂದು ಮುಚ್ಚಿತು. ಫೀಡ್‌ನ ಕಾಲ ಮುಗಿಯಿತು ಎಂದು ಆಗ ಅನೇಕರು ಹೇಳಿದರು. ಮುಗಿದದ್ದು ಒಂದು ಓದುವ ಯಂತ್ರ ಅಷ್ಟೆ. ಫಲಕಗಳು ಇದ್ದಲ್ಲೇ ಇದ್ದವು. ತಮ್ಮ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಇಳಿಸಿಕೊಂಡವರು ಇನ್ನೊಂದು ರೀಡರ್‌ಗೆ ಅದನ್ನು ತುಂಬಿ ಮರುದಿನದಿಂದ ಓದಿದರು. ನೀವು ಯಾವ ರೀಡರ್ ಆರಿಸಿದರೂ ಒಪಿಎಂಎಲ್ ಇಳಿಸಲು ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪಟ್ಟಿ ನಿಮ್ಮ ಕೈಯಲ್ಲಿರಬೇಕು. ಈಗಲೂ ನೀವು ಕೇಳುವ ಹೆಚ್ಚಿನ ಪಾಡ್‌ಕಾಸ್ಟ್‌ಗಳ ಹಿಂದೆ ಇರುವುದು ಆರ್‌ಎಸ್‌ಎಸ್ ಕಡತವೇ. ಶೀರ್ಷಿಕೆ, ದಿನಾಂಕಗಳ ಜೊತೆ ಧ್ವನಿ ಕಡತದ ವಿಳಾಸವೂ ಅದರಲ್ಲಿರುತ್ತದೆ.

ಶುರು ಮಾಡುವುದು

ಶಾಲೆಯ ಕಂಪ್ಯೂಟರಿನಲ್ಲಾದರೆ ಥಂಡರ್‌ಬರ್ಡ್ ಸಾಕು. ಅದು ಇಮೇಲ್ ಓದುವ ಉಚಿತ ತಂತ್ರಾಂಶ, ಫೀಡನ್ನೂ ಓದುತ್ತದೆ. ಕೇರಳದ ಶಾಲೆಗಳಲ್ಲಿರುವ ಉಬುಂಟುವಿನಲ್ಲೂ ನಡೆಯುತ್ತದೆ, ವಿಂಡೋಸಿನಲ್ಲೂ ನಡೆಯುತ್ತದೆ. ಹೊಸ ಅಕೌಂಟ್ ಮಾಡುವಲ್ಲಿ ಫೀಡ್ ಎಂಬ ಆಯ್ಕೆ ಇದೆ, ಅದಕ್ಕೆ ಇಮೇಲ್ ವಿಳಾಸ ಬೇಡ. ಬರುವ ಕಿಟಕಿಯಲ್ಲಿ ಫೀಡಿನ ವಿಳಾಸ ಅಂಟಿಸಿ ಸೇರಿಸಿದರೆ ಆಯಿತು. ಆಂಡ್ರಾಯ್ಡ್ ಫೋನಿಗೆ ಫೀಡರ್ ಎಂಬ ಮುಕ್ತ ತಂತ್ರಾಂಶ ಇದೆ. ಅದು ಅಕೌಂಟ್ ಕೇಳುವುದಿಲ್ಲ, ಪಟ್ಟಿ ಫೋನಿನಲ್ಲೇ ಇರುತ್ತದೆ. (ಅದೇ ಹೆಸರಿನ ಬೇರೆ ಸೇವೆಯೂ ಇದೆ. ಅಕೌಂಟ್ ಮಾಡು ಎಂದರೆ ಅದು ಇದಲ್ಲ.) ಫೀಡ್ಲಿ, ಇನೊರೀಡರ್ ಮುಂತಾದವು ಜಾಲದಲ್ಲೇ ನಡೆಯುವ ರೀಡರುಗಳು. ಚೆನ್ನಾಗಿಯೇ ಇವೆ, ಆದರೆ ನಿಮ್ಮ ಚೀಟಿಯಲ್ಲಿ ಏನೇನಿದೆ ಎಂಬುದು ಆ ಕಂಪನಿಗೆ ಗೊತ್ತಿರುತ್ತದೆ. ನಿಮ್ಮ ವಯಸ್ಸಿನವರಿಗೆ ಅಕೌಂಟ್ ಬೇಡದ್ದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಫೀಡಿನ ವಿಳಾಸ ಹುಡುಕುವುದು ಹೇಗೆ? ಕಿತ್ತಳೆ ಬಣ್ಣದ ಚೌಕದಲ್ಲಿ ಮೂಲೆಯ ಒಂದು ಚುಕ್ಕಿ, ಅದರಿಂದ ಹೊರಟ ಎರಡು ಕಮಾನು, ಈ ಚಿಹ್ನೆ ಪುಟದ ಮೇಲೋ ಕೆಳಗೋ ಇದೆಯೇ ನೋಡಿ. ಇಲ್ಲದಿದ್ದರೆ ತಾಣದ ಸಾಮಾನ್ಯ ವಿಳಾಸವನ್ನೇ ರೀಡರ್‌ಗೆ ಕೊಟ್ಟು ನೋಡಿ. ಪುಟದ ತಲೆಭಾಗದಲ್ಲಿ ಕಣ್ಣಿಗೆ ಕಾಣದಂತೆ ಫೀಡಿನ ವಿಳಾಸ ಬರೆದಿರುವುದುಂಟು, ಅನೇಕ ರೀಡರುಗಳು ಅದನ್ನು ತಾವೇ ಹುಡುಕಿಕೊಳ್ಳುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಫೀಡ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ. ಬ್ರೌಸರಿನಲ್ಲಿ ನೇರವಾಗಿ ತೆರೆದರೆ ಬರೀ ಎಕ್ಸ್‌ಎಂಎಲ್ ಕಂಡು ಗಾಬರಿಯಾಗಬೇಡಿ. ಮೊದಲು ಫೈರ್‌ಫಾಕ್ಸ್ ತಾನೇ ಫೀಡನ್ನು ಅಂದವಾಗಿ ತೋರಿಸುತ್ತಿತ್ತು, 2018ರ ಡಿಸೆಂಬರಿನಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿದರು.

ಭೂಮಿ ನಡುಗಿದ ಪಟ್ಟಿ

ಮೊದಲ ಫೀಡ್ ಯಾವುದಿರಲಿ? ವಿಜ್ಞಾನದ ಮಕ್ಕಳಿಗೆ ನನ್ನ ಆಯ್ಕೆ ಭೂಕಂಪದ ಫೀಡ್. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಇದನ್ನು ಆ್ಯಟಮ್ ರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಕಳೆದ ಒಂದು ಗಂಟೆ, ಒಂದು ದಿನ, 7 ದಿನ, 30 ದಿನ ಎಂದು ಬೇರೆ ಬೇರೆ ಇವೆ. ಪರಿಮಾಣ 4.5 ಮತ್ತು ಅದಕ್ಕಿಂತ ಮೇಲಿನದು, 2.5ರಿಂದ ಮೇಲಿನದು, ಎಲ್ಲವೂ, ಹೀಗೂ ವಿಂಗಡಿಸಿದ್ದಾರೆ. ನೀವು "7 ದಿನ, 4.5ರಿಂದ ಮೇಲೆ" ಎಂಬುದನ್ನು ಸೇರಿಸಿ. ಒಂದು ವಾರದಲ್ಲಿ ಎಷ್ಟಿರಬಹುದು ಎಂದು ಊಹಿಸಿ ಬರೆದಿಟ್ಟುಕೊಂಡು ಆಮೇಲೆ ಎಣಿಸಿ. ಐದಾರು ಎಂದು ಬರೆಯುವವರೇ ಹೆಚ್ಚು. ನೂರರ ಹತ್ತಿರವೋ ಅದಕ್ಕಿಂತ ಹೆಚ್ಚೋ ಇರುವುದು ಸಾಮಾನ್ಯ. ಪತ್ರಿಕೆಗೆ ಬರುವುದು ಅದರಲ್ಲಿ ಒಂದೋ ಎರಡೋ.

ಈ ಫೀಡಿನಲ್ಲಿ ಕಲಿಯುವುದು ಬೇಕಾದಷ್ಟಿದೆ. ಬೆಳಿಗ್ಗೆ 5.1 ಎಂದಿದ್ದ ಕಂಪನ ಮಧ್ಯಾಹ್ನ 4.9 ಆಗಿರುತ್ತದೆ. ಸುಳ್ಳು ಹೇಳಿದ್ದಲ್ಲ. ಮೊದಲು ಕೆಲವೇ ಕೇಂದ್ರಗಳ ಅಳತೆ ಬಂದಿರುತ್ತದೆ, ಆಮೇಲೆ ಹೆಚ್ಚು ಕೇಂದ್ರಗಳದ್ದು ಸೇರಿ ಲೆಕ್ಕ ತಿದ್ದುಪಡಿಯಾಗುತ್ತದೆ. ಆಗ ಕಡತದಲ್ಲಿ ಏನಾಗುತ್ತದೆ? ಗುರುತು ಅದೇ ಇರುತ್ತದೆ, "ತಿದ್ದಿದ ಸಮಯ" ಮಾತ್ರ ಬದಲಾಗುತ್ತದೆ. ಹೊಸ ಕಂಪನಕ್ಕೂ ಹಳೆಯದರ ತಿದ್ದುಪಡಿಗೂ ಇರುವ ವ್ಯತ್ಯಾಸವನ್ನು ರೀಡರ್ ಹೀಗೆ ತಿಳಿಯುತ್ತದೆ.

ಸಮಯವನ್ನು ನೋಡುವಾಗ ಎಚ್ಚರ ಬೇಕು. ಫೀಡ್‌ನ ಸಮಯ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಮನೆಯಲ್ಲಿ ಹಿರಿಯರನ್ನು ಕಿಲ್ಲಾರಿಯ ಭೂಕಂಪದ ಬಗ್ಗೆ ಕೇಳಿ. ಲಾತೂರ್ ಜಿಲ್ಲೆಯ ಆ ಊರು ಸೊಲ್ಲಾಪುರದಿಂದ ನೂರು ಕಿಲೋಮೀಟರಿನೊಳಗಿದೆ. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಪರಿಮಾಣ 6.2. ಕಲ್ಲು ಮಣ್ಣಿನ ಭಾರದ ಮನೆಗಳು ಕುಸಿದು ಹತ್ತು ಸಾವಿರದಷ್ಟು ಜನ ಸತ್ತರು. ಇದೇ ಭೂಕಂಪವನ್ನು ಯುಎಸ್‌ಜಿಎಸ್ ದಾಖಲೆಯಲ್ಲಿ ಹುಡುಕಿದರೆ ಸೆಪ್ಟೆಂಬರ್ 30ರ ಆ ಗಂಟೆಯಲ್ಲಿ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ ಎಂಬುದನ್ನು ಕೊನೆಯ ಪ್ರಶ್ನೆಗಳಲ್ಲಿ ನೀವೇ ಲೆಕ್ಕ ಮಾಡಿ.

ಇನ್ನೊಂದು ಪ್ರಯೋಗ. "ಎಲ್ಲ ಕಂಪನಗಳು" ಎಂಬ ಒಂದು ದಿನದ ಫೀಡನ್ನು ತೆರೆಯಿರಿ. ಕ್ಯಾಲಿಫೋರ್ನಿಯಾ, ಅಲಾಸ್ಕಾ ಎಂಬ ಹೆಸರುಗಳೇ ತುಂಬಿರುತ್ತವೆ. ಭೂಮಿ ಅಲ್ಲಿ ಮಾತ್ರ ನಡುಗುತ್ತದೆಯೇ? ಆ ಪ್ರದೇಶಗಳಲ್ಲಿ ಕಂಪನ ಹೆಚ್ಚು ಎಂಬುದು ನಿಜ. ಜೊತೆಗೆ ಆ ಸಂಸ್ಥೆಯ ಮಾಪಕಗಳು ಅಲ್ಲಿ ಒತ್ತೊತ್ತಾಗಿವೆ ಎಂಬುದೂ ನಿಜ. ಮಾಪಕ ಹತ್ತಿರವಿದ್ದರೆ 1.2ರ ಸಣ್ಣ ನಡುಕವೂ ದಾಖಲಾಗುತ್ತದೆ. ನಮ್ಮ ಕಡೆಯ ಅಂಥ ಸಣ್ಣ ಕಂಪನ ಈ ಪಟ್ಟಿಗೆ ಬರುವುದೇ ಇಲ್ಲ, ಅದನ್ನು ನಮ್ಮ ದೇಶದ ರಾಷ್ಟ್ರೀಯ ಭೂಕಂಪವಿಜ್ಞಾನ ಕೇಂದ್ರದ ದಾಖಲೆಯಲ್ಲಿ ನೋಡಬೇಕು. ಫಲಕ ಇಟ್ಟವರಿಗೆ ಕಂಡದ್ದಷ್ಟೇ ಫಲಕದಲ್ಲಿರುತ್ತದೆ. ಭೂಕಂಪದ ಫೀಡಿಗೆ ಹೇಗೋ ಸುದ್ದಿಯ ಫೀಡಿಗೂ ಹಾಗೆ. ಒಂದೇ ವಿಷಯಕ್ಕೆ ಎರಡು ಬೇರೆ ಮೂಲಗಳನ್ನು ಪಟ್ಟಿಯಲ್ಲಿಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಪಟ್ಟಿಗೆ ಇನ್ನೇನು?

ಕನ್ನಡ ವಿಕಿಪೀಡಿಯದ ಪ್ರತಿ ಲೇಖನಕ್ಕೂ ಒಂದು ಫೀಡ್ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಲೇಖನದ ಇತಿಹಾಸದ ಪುಟ ತೆರೆದು ಉಪಕರಣಗಳ ಪಟ್ಟಿಯಲ್ಲಿ ನೋಡಿದರೆ ಆ್ಯಟಮ್ ಎಂಬ ಕೊಂಡಿ ಸಿಗುತ್ತದೆ. ಕಾಸರಗೋಡಿನವರು ಕಾಸರಗೋಡಿನ ಲೇಖನದ್ದು, ಸೊಲ್ಲಾಪುರದವರು ಸೊಲ್ಲಾಪುರದ್ದು ಸೇರಿಸಿ. ಯಾರಾದರೂ ಒಂದು ಸಾಲು ಕೂಡಿಸಿದರೂ ಅಳಿಸಿದರೂ, ಯಾವ ಸಾಲು ಹೇಗಿದ್ದದ್ದು ಹೇಗಾಯಿತು ಎಂಬುದು ನಿಮ್ಮ ರೀಡರ್‌ಗೆ ಬರುತ್ತದೆ. ನಿಮ್ಮ ಊರಿನ ಬಗ್ಗೆ ತಪ್ಪು ಬರೆದಿದ್ದರೆ ಮೊದಲು ಕಾಣುವವರು ನೀವೇ ಆಗುತ್ತೀರಿ, ತಿದ್ದುವ ಹಕ್ಕೂ ನಿಮಗಿದೆ. ನಾಸಾದವರ ದಿನದ ಚಿತ್ರಕ್ಕೂ ಫೀಡ್ ಇದೆ. ಯೂಟ್ಯೂಬಿನ ಪ್ರತಿ ಚಾನೆಲ್‌ಗೂ ಇದೆ. ಅದರಲ್ಲಿ ಇತ್ತೀಚಿನ 15 ವಿಡಿಯೋಗಳ ಪಟ್ಟಿ ಇರುತ್ತದೆ. ಪಾಠದ ಚಾನೆಲ್ ನೋಡಲು ಹೋಗಿ ಪಕ್ಕದ ಸಲಹೆಗಳಲ್ಲಿ ಅರ್ಧ ಸಂಜೆ ಕಳೆದವರಿಗೆ ಈ ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ಪರೀಕ್ಷೆ, ವಿದ್ಯಾರ್ಥಿವೇತನದ ತಾಣಗಳ ವಿಷಯದಲ್ಲಿ ನಿಮಗೆ ಸ್ವಲ್ಪ ನಿರಾಸೆಯಾಗಬಹುದು. ಎಂಟನೇ ತರಗತಿಯವರ ಎನ್‌ಎಂಎಂಎಸ್ ಪರೀಕ್ಷೆಯ ಪ್ರಕಟಣೆಯನ್ನು ಪ್ರತಿ ರಾಜ್ಯವೂ ತನ್ನದೇ ತಾಣದಲ್ಲಿ ಹಾಕುತ್ತದೆ, ಇಂಥ ಅನೇಕ ತಾಣಗಳಲ್ಲಿ ಫೀಡ್ ಇರುವುದಿಲ್ಲ. ಹುಡುಕಿ, ಇಲ್ಲದಿದ್ದರೆ ಆ ತಾಣವನ್ನು ವಾರಕ್ಕೊಮ್ಮೆ ಕೈಯಾರೆ ನೋಡುವವರ ಸರದಿಯನ್ನು ತರಗತಿಯಲ್ಲೇ ಹಂಚಿಕೊಳ್ಳಿ. ತಮ್ಮ ಹೋಗಲಾಗದ ಕಡೆ ಅಕ್ಕನೇ ಹೋಗಬೇಕು ನೋಡಿ!

ಫೀಡ್ ಒಂದು ಜಾರುವ ಕಿಟಕಿ ಎಂಬುದನ್ನು ಮರೆಯಬೇಡಿ. ಅದರಲ್ಲಿರುವುದು ಕೊನೆಯ ಹತ್ತೋ ಇಪ್ಪತ್ತೋ ಬರಹ ಮಾತ್ರ, ಹೊಸದು ಸೇರಿದಂತೆ ಹಳೆಯದು ಕೆಳಗಿನಿಂದ ಬಿದ್ದುಹೋಗುತ್ತದೆ. ಓಣಂ ರಜೆಯಲ್ಲಿ ಶಾಲೆಯ ಕಂಪ್ಯೂಟರ್ ಹತ್ತು ದಿನ ಮುಚ್ಚಿದ್ದರೆ ನಡುವೆ ಬಂದು ಬಿದ್ದುಹೋದದ್ದು ನಿಮ್ಮ ರೀಡರ್‌ಗೆ ಸಿಗುವುದಿಲ್ಲ. ಹಾಗೆಯೇ ತುರ್ತು ಎಚ್ಚರಿಕೆಗೆ ಇದನ್ನು ನಂಬಬೇಡಿ. ರೀಡರ್ ಗಂಟೆಗೊಮ್ಮೆ ಹೋಗಿ ನೋಡುವಂಥದ್ದು. ಗುಡ್ಡ ಜಾರುವ ಮಳೆಗೆ ಒಂದು ಗಂಟೆ ಬಹಳ ದೊಡ್ಡದು. ಅಂಥ ಹೊತ್ತಿಗೆ ಫೋನಿಗೆ ಬರುವ ಸರಕಾರದ ಎಚ್ಚರಿಕೆ ಸಂದೇಶ, ರೇಡಿಯೋ, ನೆರೆಮನೆಯವರ ಕೂಗು, ಇವೇ ಬೇಕು.

ಮತ್ತೊಂದು ಮಾತು. ಉತ್ಸಾಹದಲ್ಲಿ ಐವತ್ತು ಫೀಡ್ ಸೇರಿಸಿ, ವಾರದಲ್ಲಿ "ಓದದೆ ಉಳಿದವು 400" ಎಂಬುದನ್ನು ಕಂಡು ಬೇಸತ್ತು ಬಿಟ್ಟವರು ಬಹಳ. ಏಳಕ್ಕೆ ನಿಲ್ಲಿಸಿ. ತಿಂಗಳಿಗೊಮ್ಮೆ ಬರೆಯುವ ಒಳ್ಳೆಯ ತಾಣವನ್ನು ಸೇರಿಸುವುದಕ್ಕೇ ಫೀಡ್ ಹೆಚ್ಚು ಉಪಯೋಗ. ಗಂಟೆಗೆ ಹತ್ತು ಸುದ್ದಿ ಹಾಕುವ ಪತ್ರಿಕೆಯ ತಾಣವನ್ನು ನೀವು ಹೇಗೂ ನೋಡುತ್ತೀರಿ. ಓದದೆ ಉಳಿದದ್ದು ಸಾಲ ಅಲ್ಲ, "ಎಲ್ಲ ಓದಿಯಾಯಿತು" ಎಂದು ಗುರುತು ಹಾಕಿ ಮುಂದೆ ಹೋಗಬಹುದು.

ಮಾಡಿ ನೋಡಿ

1. "ಗಡಿ", "ಕನ್ನಡ", "ವಿಜ್ಞಾನ" ಈ ಮೂರು ಪದಗಳಿಗೆ ಯುಟಿಎಫ್-8ರಲ್ಲಿ ತಲಾ ಎಷ್ಟು ಬೈಟ್ ಬೇಕು? ಒತ್ತಕ್ಷರದಲ್ಲಿ ಕಣ್ಣಿಗೆ ಕಾಣದ ಒಂದು ಅರ್ಧಾಕ್ಷರದ ಗುರುತು ಅಡಗಿರುತ್ತದೆ ಎಂಬುದನ್ನು ನೆನಪಿಡಿ.

2. ಕಿಲ್ಲಾರಿ ಭೂಕಂಪದ ಸಮಯವನ್ನು ಯುಟಿಸಿಗೆ ಬದಲಿಸಿ. ಯುಎಸ್‌ಜಿಎಸ್ ದಾಖಲೆಯಲ್ಲಿ ಅದು ಯಾವ ತಾರೀಖಿನಲ್ಲಿ, ಎಷ್ಟು ಗಂಟೆಗೆ ಇರಬೇಕು?

3. ನಾಲ್ಕು ವಾರ ಭೂಕಂಪದ ಫೀಡನ್ನು ನೋಡಿ ಪರಿಮಾಣ 4.5ರಿಂದ 5.4ರವರೆಗಿನದು ಎಷ್ಟು, 5.5ರಿಂದ 6.4ರವರೆಗಿನದು ಎಷ್ಟು ಎಂದು ಪಟ್ಟಿ ಮಾಡಿ. ಎರಡನೆಯದು ಮೊದಲನೆಯದರ ಸುಮಾರು ಎಷ್ಟನೇ ಒಂದು ಪಾಲು? ನಾಲ್ಕು ವಾರಕ್ಕೂ ಬೇರೆ ಬೇರೆ ಲೆಕ್ಕ ಹಾಕಿ, ಉತ್ತರ ಪ್ರತಿ ವಾರ ಒಂದೇ ಬಂತೇ?

4. ನಿಮ್ಮ ತರಗತಿಯ ಏಳು ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಇಳಿಸಿ, ನಿಮ್ಮ ಅಧ್ಯಾಪಕರ ಮೂಲಕ ಇನ್ನೊಂದು ರಾಜ್ಯದ ಕನ್ನಡ ಶಾಲೆಗೆ ಕಳಿಸಿಕೊಡಿ, ಅವರದನ್ನು ತರಿಸಿಕೊಳ್ಳಿ. ಮಡಕಶಿರಾದ ಪಟ್ಟಿಯಲ್ಲೂ ಮಂಜೇಶ್ವರದ ಪಟ್ಟಿಯಲ್ಲೂ ಇರುವ ತಾಣ ಯಾವುದಾದರೂ ಸಿಕ್ಕಿತೇ?